ಬೆಳಗಾವಿಯ ಒಂದು ತ್ರೀ-ನಾಟ್-ತ್ರೀ: ಮೂಲ ಸ್ಥಿತಿ ಎಂದರೆ ಯಾವ ದಿನದ ಸ್ಥಿತಿ?

ರೈಫಲ್ ನನ್ನ ಮುಂದೆ ಬಂದಾಗ ಅದರ ಮೈಮೇಲೆ ಮೂರು ಬಣ್ಣಗಳಿದ್ದವು. ಕಟ್ಟಿಗೆಗೆ ಕುರ್ಚಿ-ಮೇಜಿಗೆ ಬಳಿಯುವ ಕೆಂಪು ವಾರ್ನಿಶ್, ಮೂತಿಯ ನೋಸ್ ಕ್ಯಾಪಿಗೆ ಗೇಟಿಗೆ ಹಚ್ಚುವ ಬೆಳ್ಳಿ ಬಣ್ಣ, ಉಳಿದ ಕಬ್ಬಿಣಕ್ಕೆ ಅಲ್ಲಲ್ಲಿ ಎದ್ದುಹೋದ ಕಪ್ಪು. ಬೆಳಗಾವಿ ಜಿಲ್ಲೆಯ ಒಂದು ಎನ್‌ಸಿಸಿ ಘಟಕದ ಕೋತ್‌ನಲ್ಲಿ, ಅಂದರೆ ಆಯುಧಗಳ ಕೋಣೆಯಲ್ಲಿ, ಇದ್ದ .303 (ತ್ರೀ-ನಾಟ್-ತ್ರೀ) ಡಿಪಿ ರೈಫಲ್ ಅದು. ಡಿಪಿ ಎಂದರೆ ಡ್ರಿಲ್ ಪರ್ಪಸ್: ಗುಂಡು ಹಾರದ ಹಾಗೆ ಮಾಡಿ, ಕವಾಯತಿಗಷ್ಟೇ ಉಳಿಸಿಕೊಂಡ ಆಯುಧ. ಅದನ್ನು ಘಟಕದ ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಬೇಕು, ಇಡುವ ಮೊದಲು ‘ಒರಿಜಿನಲ್ ಕಂಡೀಶನ್’ಗೆ ತರಬೇಕು ಎನ್ನುವುದು ಅಧಿಕಾರಿಗಳ ಇಚ್ಛೆ. ನಾನು ಸೇನೆಯಲ್ಲಿ 22 ವರ್ಷ ಆರ್ಮರರ್, ಅಂದರೆ ಆಯುಧ ದುರಸ್ತಿಗಾರ, ಆಗಿದ್ದು ನಿವೃತ್ತನಾದವನು. ಮನೆ ಹಿಂಡಲಗಾ ಕಡೆ. ಹಾಗಾಗಿ ನನಗೆ ಕರೆ ಬಂತು.

ಕೆಲಸ ಮುಗಿಯಲು ಒಂಬತ್ತು ವಾರ ಹಿಡಿಯಿತು. ಅರ್ಧ ಸಮಯ ಎಣ್ಣೆ ಒಣಗುವುದಕ್ಕೇ ಹೋಯಿತು. ಉಳಿದದ್ದರಲ್ಲಿ ದೊಡ್ಡ ಪಾಲು ಯಾವುದನ್ನು ಮುಟ್ಟಬಾರದು ಎಂದು ನಿರ್ಧರಿಸುವುದಕ್ಕೆ ಹೋಯಿತು. ನನಗೆ ಬರೆಯಬೇಕೆನಿಸಿದ್ದು ಆ ನಿರ್ಧಾರಗಳ ಬಗ್ಗೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು ಹೇಗೆ ಅಪರಾಧವೋ ದುರಸ್ತಿ ಮಾಡುವುದೂ ಹಾಗೇ. ಹಾರದ ನಕಲಿ ಬಂದೂಕನ್ನು ಹಾರುವಂತೆ ಮಾರ್ಪಡಿಸುವುದರ ಮೇಲೆ 6ನೇ ಕಲಂ ಬೇರೆಯೇ ಇದೆ. ಸೇನೆಯ ಗುಂಡು ಹಿಡಿಯುವ .303 ಜನಸಾಮಾನ್ಯರಿಗೆ ನಿಷೇಧಿತ ಬೋರು (ನಳಿಗೆಯ ಅಳತೆ). ಅದಕ್ಕೆಂದೇ ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೆ ನಾಗರಿಕರಿಗಾಗಿ .315 ಬೋರಿನ ಬೇರೆ ರೈಫಲ್ ಮಾಡಿತು. ನಮ್ಮ ರೈಫಲ್ ಸರ್ಕಾರದ ಆಸ್ತಿ. ಲಿಖಿತ ಆದೇಶದ ಮೇಲೆ, ಕೋತ್‌ನ ಒಳಗೇ, ಅಲ್ಲಿನ ಎನ್‌ಸಿಓ (ಹವಾಲ್ದಾರ್ ದರ್ಜೆಯ ಉಸ್ತುವಾರಿ) ಕಣ್ಣೆದುರೇ ಕೆಲಸ ನಡೆಯಿತು. ಬೆಳಿಗ್ಗೆ ರಿಜಿಸ್ಟರಿನಲ್ಲಿ ಸಹಿ, ಸಂಜೆ ಸ್ಕ್ರೂಗಳನ್ನೂ ಎಣಿಸಿ ವಾಪಸ್ ಸಹಿ. ಒಂದು ವಾಶರ್ ಕೂಡ ಹೊಸ್ತಿಲು ದಾಟಲಿಲ್ಲ.

ಈ ಸುದ್ದಿ ಹಬ್ಬಿದ ಮೇಲೆ ಮೂವರು ನನ್ನ ಮನೆಗೆ ಬಂದರು. “ಅಜ್ಜನ ಕಾಲದ ಬಂದೂಕ ಅಟ್ಟದ ಮ್ಯಾಲ ಐತ್ರಿ, ಸ್ವಲ್ಪ ನೋಡ್ರಿ” ಅಂತ. ಮೂವರಿಗೂ ಕೈಮುಗಿದು, ಮೊದಲು ಪೊಲೀಸ್ ಠಾಣೆಗೆ ತಿಳಿಸಿ, ಆಮೇಲೆ ಲೈಸೆನ್ಸ್ ಇರುವ ಬಂದೂಕು ಅಂಗಡಿಗೆ ಹೋಗಿ ಎಂದೆ. ಅವರ ಮುಖ ಸಣ್ಣದಾಯಿತು. ನಮ್ಮ ಭಾಗದಲ್ಲಿ ಆಯುಧ ಒಪ್ಪಿಸು ಎನ್ನುವ ಮಾತಿಗೆ ಹಳೆಯ ನೋವಿದೆ. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ಬಗ್ಗದೆ ದಂಗೆ ಎದ್ದು ಗಲ್ಲಿಗೇರಿದರು, ಅವರ ಲಾವಣಿ ಇಂದಿಗೂ ಹಾಡುತ್ತಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಅದೇ.

ಬಟ್, ಅಂದರೆ ಹೆಗಲಿಗೆ ಒತ್ತುವ ಹಿಂದಿನ ಕಟ್ಟಿಗೆ, ಸೇರುವ ಕಬ್ಬಿಣದ ಸಾಕೆಟಿನ ಬಲಮಗ್ಗುಲಲ್ಲಿ ಗುರುತುಗಳಿದ್ದವು. ಬಣ್ಣದ ಕೆಳಗಿದ್ದುದರಿಂದ ಬೆರಳಿಗೆ ಸಿಕ್ಕವೇ ಹೊರತು ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಬ್ಯಾಟರಿ ಬೆಳಕನ್ನು ಅಡ್ಡಲಾಗಿ ಬಿಟ್ಟಾಗ ಎದ್ದು ಬಂದವು: ಕಿರೀಟ, ಬ್ರಿಟಿಷ್ ದೊರೆ ಜಾರ್ಜ್‌ನ ಮುದ್ರೆ ಜಿ.ಆರ್.ಐ., ಇಶಾಪುರ, 1942, ನಂಬರ್ 1 ಮಾರ್ಕ್ 3, ಪಕ್ಕದಲ್ಲಿ ಒಂದು ನಕ್ಷತ್ರ. ಬ್ರಿಟಿಷ್ ಸೇನೆಯ ಈ ಲೀ-ಎನ್‌ಫೀಲ್ಡ್ ರೈಫಲ್‌ನ ಮಾರ್ಕ್ 3 ಮಾದರಿ ಬಂದದ್ದು 1907ರಲ್ಲಿ. ನಕ್ಷತ್ರ ಸೇರಿದ್ದು ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ. ಯುದ್ಧಕಾಲದಲ್ಲಿ ಬೇಗ ಬೇಗ ತಯಾರಾಗಲಿ ಎಂದು ಎಡಮಗ್ಗುಲಿನ ದೂರಗುರಿ ಸೈಟನ್ನೂ ಮ್ಯಾಗಜಿನ್ (ಗುಂಡಿನ ಪೆಟ್ಟಿಗೆ) ಮುಚ್ಚುವ ಕಟ್-ಆಫ್ ಪಟ್ಟಿಯನ್ನೂ ಕೈಬಿಟ್ಟರು. ನಕ್ಷತ್ರ ಆ ಸರಳೀಕರಣದ ಗುರುತು.

ಇದನ್ನು ವಿವರವಾಗಿ ಹೇಳಲು ಕಾರಣವಿದೆ. ಘಟಕದ ಯುವ ಅಧಿಕಾರಿಯೊಬ್ಬರು ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತಂದು, “ಇಲ್ನೋಡ್ರಿ, ಎಡಕ್ಕ ಒಂದು ಸೈಟ್ ಐತಿ. ನಮ್ಮದರಾಗ ಕಳದದ. ಹೊಸದು ಮಾಡ್ಸಿ ಹಾಕೋಣೇನು?” ಎಂದು ಕೇಳಿದರು. ಚಿತ್ರದಲ್ಲಿದ್ದದ್ದು ನಕ್ಷತ್ರವಿಲ್ಲದ ಹಳೆಯ ಮಾರ್ಕ್ 3. ನಮ್ಮ ರೈಫಲ್ ಹುಟ್ಟಿದಾಗಲೇ ಆ ಸೈಟ್ ಇರಲಿಲ್ಲ. ಅದನ್ನು ಕೂರಿಸಿದ್ದರೆ ಆಯುಧಕ್ಕೆ ಎಂದೂ ಇಲ್ಲದ ರೂಪ ಬರುತ್ತಿತ್ತು, ಜನ ಅದನ್ನೇ ಮೂಲ ಎಂದು ನಂಬುತ್ತಿದ್ದರು. ಅವರಿಗೆ ನಕ್ಷತ್ರ ತೋರಿಸಿದೆ, ಒಪ್ಪಿದರು.

ಇಂಥ ರೈಫಲ್‌ನಲ್ಲಿ ಬಾಡಿಯ (ನಡುವಿನ ಕಬ್ಬಿಣದ ಮೈಯ) ನಂಬರೇ ಗುಂಡು ಒಳಗೆ ತಳ್ಳುವ ಬೋಲ್ಟಿನ ಹಿಡಿಕೆಯ ಮೇಲೂ ನೋಸ್ ಕ್ಯಾಪಿನ ಮೇಲೂ ಮುಂದಿನ ಕಟ್ಟಿಗೆಯ ಮೇಲೂ ಇರಬೇಕು. ನಮ್ಮದರಲ್ಲಿ ಬಾಡಿ, ಬೋಲ್ಟ್, ಕಟ್ಟಿಗೆ ಮೂರೂ ಒಂದೇ ನಂಬರಿನವು, ನೋಸ್ ಕ್ಯಾಪ್ ಬೇರೆಯದು. ಬ್ಯಾರೆಲ್, ಕಟ್ಟಿಗೆ, ಬಟ್‌ಗಳ ಮೇಲೆ ಡಿಪಿ ಎಂಬ ದಪ್ಪ ಮುದ್ರೆ. ಗುಂಡು ಕೂರುವ ಚೇಂಬರಿನ ಪಕ್ಕದಲ್ಲಿ ತೂತು, ಗುಂಡಿಗೆ ಹೊಡೆಯುವ ಫೈರಿಂಗ್ ಪಿನ್ನಿನ ತುದಿ ಕತ್ತರಿಸಿದ್ದು. 1962ರಲ್ಲಿ ಚೀನಾದ ಎದುರು ನಮ್ಮ ಸಿಪಾಯಿಗಳ ಕೈಯಲ್ಲಿದ್ದದ್ದೂ .303 ರೈಫಲೇ. ಆಮೇಲೆ ಬೇರೆ ರೈಫಲ್ ಬಂದಂತೆ ಇವುಗಳಲ್ಲಿ ಎಷ್ಟೋ ಕವಾಯತಿಗೆ ಇಳಿದವು.

ಈಗ ಬಿರುಕಿಗೆ ಬರುತ್ತೇನೆ. ಈ ಪ್ರಕರಣದ ಜೀವ ಅಲ್ಲಿದೆ.

ಮುಂದಿನ ಉದ್ದ ಕಟ್ಟಿಗೆಯ ಹಿಂತುದಿಯಲ್ಲಿ, ಟ್ರಿಗರಿನ ಮೇಲ್ಭಾಗಕ್ಕೆ, ನಾಲ್ಕು ಬೆರಳು ಉದ್ದದ ಬಿರುಕು. ಅದರೊಳಗೆ ವಾರ್ನಿಶ್ ಇಳಿದು ಗಟ್ಟಿಯಾಗಿತ್ತು. ಬೇಸಿಗೆಯ ಒಣಹವೆ, ಮಳೆಗಾಲದ ತೇವ, ಎರಡರ ನಡುವೆ ಸೀಳಿರಬೇಕು ಎಂದು ಘಟಕದವರ ಅಂದಾಜು. ಬೆಳಗಾವಿಯ ಮಳೆ ಗೊತ್ತಿದ್ದವರು ಯಾರಾದರೂ ಹಾಗೇ ಅನ್ನುತ್ತಾರೆ. ಕಟ್ಟಿಗೆ ಕೆಲಸಕ್ಕೆ ನನ್ನ ಜೊತೆ ಅನುಮತಿ ಪಡೆದು ಬಂದಿದ್ದವರು ಖಾನಾಪುರದ ಕಡೆಯ ಬಡಿಗೇರ ಕಾಕಾ. ಎಪ್ಪತ್ತು ದಾಟಿದ ವಯಸ್ಸು. ರೈಫಲ್ ಬಿಚ್ಚಿದ್ದನ್ನು ಅವರು ಮೊದಲು ಎಂದೂ ನೋಡಿದವರಲ್ಲ. ಬಿರುಕಿನ ಮೇಲೆ ಹೆಬ್ಬೆರಳ ಉಗುರು ಆಡಿಸಿ ಸುಮ್ಮನೆ ಕೂತರು.

“ಇದು ಒಣಗಿ ಬಿಟ್ಟ ಬಿರುಕಲ್ರಿ ಹವಾಲ್ದಾರ್ ಸಾಹೇಬ್ರ. ಒಣಗಿ ಬಿಟ್ರ ತುದೀಲಿಂದ ಸಣ್ಣಗ ಸುರು ಆಗಿ ನಾರಿನ ಗುಂಟ ಹೊಕ್ಕೈತಿ. ಇದರ ಒಳಗಿನ ತುಟಿ ಅಗಲ, ಹೊರಗಿನದು ಸಣ್ಣ. ಒಳಗ ಏನೋ ಕುಂತದ, ಅದನ್ನ ಯಾರೋ ತಿರುವ್ಯಾರ.”

ಒಳಗೆ ಕುಳಿತದ್ದು ಏನೆಂದು ನನಗೆ ಗೊತ್ತಿತ್ತು. ಲೀ-ಎನ್‌ಫೀಲ್ಡ್‌ನ ಬಟ್ಟನ್ನು ಬೇರೆಯೇ ಒಂದು ಉದ್ದ ಬೋಲ್ಟ್ ಹಿಡಿದಿರುತ್ತದೆ. ಬಟ್‌ಪ್ಲೇಟಿನ ಸಣ್ಣ ಬಾಗಿಲು ತೆರೆದು ಉದ್ದ ಸ್ಕ್ರೂಡ್ರೈವರ್ ಬಿಟ್ಟರೆ ಅದರ ತಲೆ ಸಿಗುತ್ತದೆ. ಬೋಲ್ಟಿನ ಮುಂತುದಿ ಚೌಕಾಕಾರ. ಆ ಚೌಕ ಸಾಕೆಟ್ ದಾಟಿ ಮುಂದಿನ ಕಟ್ಟಿಗೆಯ ಹಿಂತುದಿಯಲ್ಲಿರುವ ಸಣ್ಣ ಪಟ್ಟಿಯ ತೋಡಿನಲ್ಲಿ ಕೂರುತ್ತದೆ, ಬೋಲ್ಟ್ ತಾನಾಗಿ ಸಡಿಲಾಗದಿರಲಿ ಎಂದು. ಹಾಗಾಗಿ ನಿಯಮ ಒಂದೇ: ಮೊದಲು ಮುಂದಿನ ಕಟ್ಟಿಗೆ ಬಿಚ್ಚಬೇಕು, ಆಮೇಲೆ ಬಟ್ ತಿರುಗಿಸಬೇಕು. ಕಟ್ಟಿಗೆ ಇರುವಾಗಲೇ ಬೋಲ್ಟಿಗೆ ಕೈಹಾಕಿದರೆ ಆ ಚೌಕದ ಮೂಲೆಗಳು ಕಟ್ಟಿಗೆಯನ್ನು ಒಳಗಿನಿಂದ ಎರಡೂ ಕಡೆಗೆ ದೂಡಿ ಸೀಳುತ್ತವೆ. ನಮ್ಮ ಉಸ್ತಾದರು ಇದನ್ನು ಮೊದಲ ವಾರವೇ ಕಿವಿ ಹಿಂಡಿ ಕಲಿಸಿದ್ದರು. ಬಟ್ ಅಲ್ಲಾಡುತ್ತಿದ್ದ ಯಾವುದೋ ಒಂದು ದಿನ, ಪರೇಡಿಗೆ ಮುಂಚೆ, ಯಾರೋ ಅವಸರದಲ್ಲಿ ಅದನ್ನು ಬಿಗಿ ಮಾಡಿದ್ದಾರೆ. ಬಿಗಿಯಾಗಿದೆ, ಕಟ್ಟಿಗೆ ಸೀಳಿದೆ. ಆಯುಧದ ಅಂಗರಚನೆ ಏನೂ ತಿಳಿಯದ ಬಡಿಗ ಬರೀ ಬಿರುಕಿನ ತುಟಿ ನೋಡಿ ಇಷ್ಟನ್ನು ಓದಿದರು. ಆ ಕ್ಷಣದಿಂದ ಕಟ್ಟಿಗೆಯ ವಿಷಯದಲ್ಲಿ ಅವರ ಮಾತೇ ನಡೆಯಲಿ ಎಂದುಕೊಂಡೆ.

ಆದರೆ ಒಂದು ಕಡೆ ಅವರನ್ನು ತಡೆಯಬೇಕಾಯಿತು. ಮುಂದಿನ ಕಟ್ಟಿಗೆಗೆ ಅಡ್ಡಲಾಗಿ, ಮ್ಯಾಗಜಿನ್ನಿಗಿಂತ ಸ್ವಲ್ಪ ಮುಂದೆ, ಒಂದು ಸ್ಕ್ರೂ ಹಾದುಹೋಗಿತ್ತು. ಕಾಕಾ ಅದನ್ನು ನೋಡಿ, “ಯಾವನೋ ಗಾವಠಿ ರಿಪೇರಿ ಮಾಡ್ಯಾನ, ತಗದು ತೂತು ಮುಚ್ಚತೇನಿ” ಎಂದರು. ಅದು ಇಶಾಪುರದ ಸ್ಕ್ರೂ. ನಮ್ಮ ಹವೆಯಲ್ಲಿ ಕಟ್ಟಿಗೆ ಸೀಳದಿರಲಿ ಎಂದು ಆ ಕಾರ್ಖಾನೆಯವರೇ ಗಟ್ಟಿತನಕ್ಕೆ ಹಾಕುತ್ತಿದ್ದ ಬಿಗಿತ. ಇಂಗ್ಲೆಂಡಿನಲ್ಲಿ ತಯಾರಿಸುವಾಗ ರೈಫಲ್‌ಗೆ ಇದನ್ನು ಹಾಕುತ್ತಿರಲಿಲ್ಲ. ಭಾರತದ ಹವೆಗೆ ಭಾರತದಲ್ಲೇ ಹುಡುಕಿದ ಉತ್ತರ ಅದು, ಅದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ತೆಗೆದಿದ್ದರೆ ಈ ರೈಫಲ್‌ನ ಊರನ್ನೇ ಅಳಿಸಿದ ಹಾಗೆ.

ಬಿರುಕನ್ನು ಅಂಟಿಸುವ ಮೊದಲು ಎಂಬತ್ತು ವರ್ಷ ಕುಡಿದ ಎಣ್ಣೆ ಹೊರಗೆ ಬರಬೇಕಿತ್ತು. ಎಣ್ಣೆ ಇದ್ದ ಕಡೆ ಯಾವ ಅಂಟೂ ಹಿಡಿಯುವುದಿಲ್ಲ. ವಾರ್ನಿಶನ್ನು ಪೇಂಟ್ ರಿಮೂವರ್ ಹಚ್ಚಿ, ಮರದ ಚಕ್ಕೆಯಿಂದ ಹೆರೆದೆವು. ಪಾಲಿಶ್ ಪೇಪರ್ ಮುಟ್ಟಲೇ ಇಲ್ಲ. ಹಳೆಯ ಆಯುಧದ ಕಟ್ಟಿಗೆಗೆ ಪಾಲಿಶ್ ಪೇಪರಿಗಿಂತ ದೊಡ್ಡ ವೈರಿ ಇಲ್ಲ: ಮುದ್ರೆಗಳು ಹೋಗುತ್ತವೆ, ಕಬ್ಬಿಣಕ್ಕಿಂತ ಕೂದಲೆಳೆ ಎತ್ತರ ಬಿಟ್ಟಿದ್ದ ಅಂಚು ತಗ್ಗುತ್ತದೆ, ಮೂಲೆಗಳು ಸಾಬೂನಿನ ಹಾಗೆ ಉರುಟಾಗುತ್ತವೆ. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಬಿರುಕಿನ ಸುತ್ತ ಮೆತ್ತಿ, ಕೋತ್‌ನ ಬಾಗಿಲ ಬಿಸಿಲಿಗೆ ಇಟ್ಟೆವು. ಬಿಳಿ ಪುಡಿ ಅರ್ಧ ಗಂಟೆಯಲ್ಲಿ ಚಹಾದ ಬಣ್ಣಕ್ಕೆ ತಿರುಗಿತು. ಉದುರಿಸಿ ಮತ್ತೆ ಮೆತ್ತಿದೆವು. ಆರನೆಯ ಸಲ ಪುಡಿ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯಿತು. ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟನ್ನು ಸ್ವಲ್ಪ ಬೆಚ್ಚಗೆ ಮಾಡಿ ತೆಳುವಾದ ಚಾಕುವಿನಿಂದ ಒಳಗೆ ಇಳಿಸಿದರು ಕಾಕಾ. ಹೊರಗೆ ಕಾಣದ ಕಡೆ ಎರಡು ಬಿದಿರಿನ ಮೊಳೆ. ಬಿಗಿಯಲು ಸೈಕಲ್ ಟ್ಯೂಬಿನ ಪಟ್ಟಿ, ಸುತ್ತಿ ಸುತ್ತಿ. ಕಬ್ಬಿಣದ ಕ್ಲಾಂಪು ಕಟ್ಟಿಗೆಯ ಮೇಲೆ ಗಾಯ ಮಾಡುತ್ತದೆ, ರಬ್ಬರು ಮಾಡುವುದಿಲ್ಲ.

ಬಟ್ಟಿನ ಮೇಲಿನ ತಗ್ಗುಗಳಿಗೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ತಾಗಿಸಿದೆವು. ಒತ್ತಿ ಹೋದ ನಾರು ಹಬೆ ಕುಡಿದು ಮೇಲೆ ಬರುತ್ತದೆ. ಎಲ್ಲವನ್ನೂ ಎಬ್ಬಿಸಲಿಲ್ಲ. ವಾರ್ನಿಶಿನ ಕೆಳಗೆ, ಬಟ್ಟಿನ ಎಡಮಗ್ಗುಲಲ್ಲಿ, ಕಂಪಾಸಿನ ಮುಳ್ಳಿನಿಂದ ಕೊರೆದ ಒಂದು ಸಂಖ್ಯೆ ಸಿಕ್ಕಿತ್ತು: 47. ಯಾವುದೋ ಹುಡುಗನ ಹಾಜರಿ ನಂಬರಿರಬೇಕು. ನಾಲ್ಕು ಕೆ.ಜಿ. ಹತ್ತಿರದ ಈ ಭಾರವನ್ನು ಹೆಗಲಿಗೇರಿಸಿ ಬಿಸಿಲಲ್ಲಿ ನಿಂತು, ಇದು ತನ್ನದು ಎಂದು ಗುರುತು ಮಾಡಿಕೊಂಡ ಹುಡುಗ. ಏಳರ ಬಾಲ ಕೊನೆಯಲ್ಲಿ ಜಾರಿದೆ, ಯಾರೋ ಬಂದ ಸಪ್ಪಳಕ್ಕೆ ಕೈ ಹಿಂದೆಗೆದ ಹಾಗೆ. ಇಸ್ತ್ರಿ ಪೆಟ್ಟಿಗೆ ಅದರ ಹತ್ತಿರಕ್ಕೂ ಹೋಗಲಿಲ್ಲ.

ಬಟ್ಟಿನೊಳಗಿನ ಗೂಡಿನಲ್ಲಿ ಎಣ್ಣೆ ಶೀಶೆಯೂ ಇರಲಿಲ್ಲ, ನಳಿಗೆಯೊಳಗೆ ಎಳೆದು ಒರೆಸುವ ಹಗ್ಗ, ಪುಲ್‌ಥ್ರೂ, ಕೂಡ ಇರಲಿಲ್ಲ. ಕಲ್ಲಿನಂತಾದ ಒಂದು ಚಿಂದಿ ಸುರುಳಿ ಮಾತ್ರ ಇತ್ತು. ತೆಗೆದು, ಕಾಗದದಲ್ಲಿ ಸುತ್ತಿ, ಚೀಟಿ ಹಚ್ಚಿ ಅಲ್ಲೇ ಇಟ್ಟೆವು.

ಎಣ್ಣೆಯ ವಿಷಯದಲ್ಲಿ ನನ್ನದೇ ತಪ್ಪಾಯಿತು. ಈ ಕಟ್ಟಿಗೆಗೆ ಸೇನೆ ಕೊಡುತ್ತಿದ್ದದ್ದು ಹಸಿ ಅಗಸಿ ಎಣ್ಣೆ, ಬೇರೇನೂ ಅಲ್ಲ. ಬೆಳಗಾವಿಯವನಿಗೆ ಇದಕ್ಕಾಗಿ ದೂರ ಹೋಗಬೇಕಿಲ್ಲ. ಅಗಸಿ ನಮ್ಮ ಹೊಲದ ಬೆಳೆ, ಅಗಸಿ ಚಟ್ನಿಪುಡಿ ಇಲ್ಲದೆ ನಮ್ಮ ರೊಟ್ಟಿ ಊಟವಿಲ್ಲ. ಗಾಣದ ಎಣ್ಣೆ ತಂದು ಹತ್ತು ದಿನ ಶೀಶೆಯಲ್ಲಿ ಅಲ್ಲಾಡದಂತೆ ಇಟ್ಟೆ. ಲೋಳೆಯಂಥ ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡೆ. ಇಷ್ಟು ತಾಳ್ಮೆ ತೋರಿದವನು ಹಚ್ಚುವಾಗ ಅವಸರ ಮಾಡಿದೆ. ಒಣಗಿದ ಕಟ್ಟಿಗೆ ಗಟಗಟ ಕುಡಿಯುತ್ತಿತ್ತು, ಕುಡಿಯಲಿ ಎಂದು ಎರಡನೆಯ ಕೈ ದಪ್ಪವಾಗಿ ಹಚ್ಚಿ ಮನೆಗೆ ಹೋದೆ. ಮೂರು ದಿನ ಬಿಟ್ಟು ಬಂದರೆ ಮೈಯೆಲ್ಲ ಬೆಲ್ಲದ ಪಾಕದ ಹಾಗೆ ಅಂಟು, ಧೂಳು ಕೂತು ಮಂಕು. ಅಗಸಿ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತದೆ. ಪದರ ದಪ್ಪವಾದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದೆ. ಟರ್ಪೆಂಟೈನಿನಲ್ಲಿ ಒರೆಸಿ ಮೊದಲಿನಿಂದ ಶುರು ಮಾಡಿದೆ. ಅಂಗೈಗೆ ಐದಾರು ಹನಿ, ಕಟ್ಟಿಗೆ ಬೆಚ್ಚಗಾಗುವವರೆಗೆ ತಿಕ್ಕುವುದು, ಹತ್ತು ನಿಮಿಷ ಬಿಟ್ಟು ಉಳಿದದ್ದನ್ನೆಲ್ಲ ಒರೆಸುವುದು, ನಾಲ್ಕು ದಿನ ಬಿಡುವುದು. ಹೀಗೆ ಏಳು ಸಲ.

ಆ ಒರೆಸಿದ ಬಟ್ಟೆಗಳ ಬಗ್ಗೆ ಒಂದು ಮಾತು, ಓದುವವರು ದಯವಿಟ್ಟು ನೆನಪಿಡಿ. ಒಂದು ಸಂಜೆ ನಾನು ಬಟ್ಟೆಗಳನ್ನು ಮುದ್ದೆ ಮಾಡಿ ಡಬ್ಬಿಯಲ್ಲಿ ಹಾಕಿದ್ದೆ. ಹೊರಡುವಾಗ ಕೈ ತಾಗಿತು, ಬೆಚ್ಚಗಿತ್ತು. ಅಗಸಿ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಹೊರಹೋಗಲು ದಾರಿ ಇಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆಯುಧಗಳ ಕೋಣೆಯಲ್ಲಿ! ಅಂದಿನಿಂದ ಬಾಗಿಲ ಹೊರಗೆ ನೀರು ತುಂಬಿದ ಬಕೆಟ್ ಇಟ್ಟು, ಪ್ರತಿ ಬಟ್ಟೆಯನ್ನೂ ಅದರಲ್ಲಿ ಮುಳುಗಿಸಿದೆವು.

ಕಬ್ಬಿಣದ ಮೇಲೆ ಬೆಳ್ಳಿ ಬಣ್ಣ ಥಿನ್ನರಿಗೆ ಸುಲಭವಾಗಿ ಬಿಟ್ಟಿತು. ಅದರ ಕೆಳಗಿನ ಕಪ್ಪು ಬಿಡಲಿಲ್ಲ. ಗಟ್ಟಿ, ಒಂದೇ ಸಮ, ಸ್ಕ್ರೂಗಳ ತೋಡಿನೊಳಗೂ ಇಳಿದದ್ದು. ಬ್ರಶ್ಶಿನ ಗೆರೆ ಇಲ್ಲ. ಇದು ಯಾವುದೋ ಅಂಗಡಿಯ ಬಣ್ಣವಲ್ಲ. ಸ್ವಾತಂತ್ರ್ಯದ ನಂತರ ರೈಫಲ್‌ಗಳು ಮರುದುರಸ್ತಿಗೆ ಹೋದಾಗ ನಮ್ಮ ಕಾರ್ಖಾನೆಯವರು ಹೀಗೇ ಕಪ್ಪು ಬಳಿಯುತ್ತಿದ್ದರು. ಕಪ್ಪು ಎದ್ದುಹೋದ ಕಡೆ ಅದರ ಕೆಳಗೆ 1942ರ ಮೂಲ ಕಂದುಗಪ್ಪು ಕಾಣುತ್ತಿತ್ತು.

ಇಲ್ಲಿ ಜೋರು ಚರ್ಚೆಯಾಯಿತು. ಮೂಲ ಎಂದರೆ 1942 ತಾನೇ, ಕಪ್ಪನ್ನೂ ತೆಗೆಯಿರಿ ಎಂದರು ಅಧಿಕಾರಿಗಳು. ಮಾತಿನಲ್ಲಿ ತರ್ಕವಿತ್ತು. ನಾನು ಕೇಳಿದ್ದು ಇಷ್ಟೇ: ಹಾಗಾದರೆ ಬೇರೆ ನಂಬರಿನ ನೋಸ್ ಕ್ಯಾಪನ್ನು ಏನು ಮಾಡೋಣ? ಡಿಪಿ ಮುದ್ರೆಯನ್ನು? ಚೇಂಬರಿನ ತೂತನ್ನು? 1942ಕ್ಕೆ ಹೋಗಬೇಕೆಂದರೆ ಅವೂ ಹೋಗಬೇಕು. ತೂತು ಮುಚ್ಚುವುದು ಕಾನೂನಿಗೆ ವಿರುದ್ಧ, ಆ ಮಾತು ಅಲ್ಲಿಗೆ ಮುಗಿಯಿತು. ಆದರೆ ಕಾನೂನು ಅಡ್ಡ ಬರದಿದ್ದರೂ ನಾನು ಮುಚ್ಚುತ್ತಿರಲಿಲ್ಲ. ಸೇವೆಯಲ್ಲಿದ್ದಾಗ ಸೇವೆಯವರು ಮಾಡಿದ್ದೆಲ್ಲ ಈ ರೈಫಲ್‌ನ ಜೀವನ: ಇಶಾಪುರದ ಸ್ಕ್ರೂ, ಮರುದುರಸ್ತಿಯ ಕಪ್ಪು, ಬೇರೆ ರೈಫಲ್‌ನಿಂದ ಬಂದ ನೋಸ್ ಕ್ಯಾಪ್, ಡಿಪಿ ಮುದ್ರೆ, ಹುಡುಗ ಕೊರೆದ 47. ತಿಳಿವಳಿಕೆ ಇಲ್ಲದೆ ಆಮೇಲೆ ಮೆತ್ತಿದ್ದು ವಾರ್ನಿಶ್ ಮತ್ತು ಬೆಳ್ಳಿ ಬಣ್ಣ. ಹೋಗಬೇಕಾದದ್ದು ಇವೆರಡೇ. ಬಿರುಕನ್ನು ಹಿಡಿಸಿದ್ದು ಅದು ಇನ್ನೂ ಬೆಳೆಯುತ್ತಿತ್ತು ಎಂಬ ಕಾರಣಕ್ಕೆ. ಅಧಿಕಾರಿಗಳು ಎರಡು ದಿನ ತೆಗೆದುಕೊಂಡು, ಕಪ್ಪು ಇರಲಿ ಎಂದರು.

ತುಕ್ಕು ಹಿಡಿದ ಸಣ್ಣ ಭಾಗಗಳನ್ನು, ಟ್ರಿಗರ್ ಗಾರ್ಡಿನ ಸ್ಕ್ರೂ ಮತ್ತು ಸ್ಲಿಂಗಿನ ಬಳೆಗಳನ್ನು, ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ, ಒರೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿದೆ. ಕೆಂಪು ತುಕ್ಕು ಕುದಿಯುವ ನೀರಿನಲ್ಲಿ ಕಪ್ಪು ಆಕ್ಸೈಡ್ ಆಗುತ್ತದೆ. ಮೇಲಿನ ಸಡಿಲ ಪುಡಿಯನ್ನು ಅತಿ ನಯವಾದ ಉಕ್ಕಿನ ನಾರಿನಿಂದ ಒರೆಸಿ ಎಣ್ಣೆ ಹಚ್ಚಿದರೆ ಕಪ್ಪೇ ನಿಲ್ಲುತ್ತದೆ. ತಿಕ್ಕಿ ತೆಗೆದಿದ್ದರೆ ಲೋಹವೇ ಸವೆಯುತ್ತಿತ್ತು.

ಹಿತ್ತಾಳೆಯ ಬಟ್‌ಪ್ಲೇಟನ್ನು ದಶಕಗಳಿಂದ ಪರೇಡಿಗೆ ಮುಂಚೆ ಬ್ರಾಸೋ ಹಾಕಿ ಹೊಳಪಿಸಿದ್ದರು. ಅಂಚಿನ ಸುತ್ತ ಕಟ್ಟಿಗೆಯ ಸಂದಿನಲ್ಲಿ ಬಿಳಿ ಸುಣ್ಣದಂಥ ಗಸಿ, ಹಿತ್ತಾಳೆಯ ಮೇಲಿನ ಅಕ್ಷರಗಳು ಅರ್ಧ ಸವೆದದ್ದು. ಗಸಿಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಇನ್ನು ಮುಂದೆ ಹಿತ್ತಾಳೆಗೆ ಒಣಬಟ್ಟೆ ಬಿಟ್ಟು ಬೇರೇನೂ ಬೇಡ ಎಂದು ಹೇಳಿದೆ.

ಜೋಡಿಸುವ ದಿನ ಕೋತ್‌ನ ಎನ್‌ಸಿಓ ಮತ್ತು ಇಬ್ಬರು ಹಿರಿಯ ಕೆಡೆಟ್‌ಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಒಬ್ಬಳು ಬೈಲಹೊಂಗಲದ ಕಡೆಯ ಹುಡುಗಿ. ಬಟ್ ಕೂರಿಸಿ ಉದ್ದ ಬೋಲ್ಟನ್ನು ಬಿಗಿದೆ, ಚೌಕದ ತುದಿ ನೆಟ್ಟಗೆ ನಿಲ್ಲಿಸಿದೆ, ಆಮೇಲೆ ಮುಂದಿನ ಕಟ್ಟಿಗೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಿದೆ. ಚೌಕ ತೋಡಿನಲ್ಲಿ ಕೂತಾಗ ಸಣ್ಣದೊಂದು ಟಕ್ ಸಪ್ಪಳ ಬಂತು. “ಸರ್, ಇದು ಬಿಗೀ ಐತೋ ಇಲ್ಲೋ ಹೊರಗಿಂದ ಹೆಂಗ ಗೊತ್ತಾಗ್ತದ್ರಿ?” ಎಂದು ಅವಳು ಕೇಳಿದಳು. ಗೊತ್ತಾಗುವುದಿಲ್ಲ ತಂಗಿ, ಅದಕ್ಕೇ ಜನ ತಪ್ಪು ಮಾಡುತ್ತಾರೆ ಎಂದೆ. ಅವಳೇ ಒಂದು ರಟ್ಟಿನ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ದೊಡ್ಡ ಅಕ್ಷರದಲ್ಲಿ ಬರೆದು ರ‍್ಯಾಕಿನ ಮೇಲೆ ಅಂಟಿಸಿದಳು: ಮುಂದಿನ ಕಟ್ಟಿಗೆ ಬಿಚ್ಚದೆ ಬಟ್ ಬೋಲ್ಟಿಗೆ ಕೈ ಹಚ್ಚಬೇಡಿ.

ಸೆಪ್ಟೆಂಬರಿನಲ್ಲಿ, ಮಳೆ ತಗ್ಗಿದ ಮೇಲೆ, ಮತ್ತೆ ಹೋಗಿ ನೋಡಿದೆ. ಗಾಜಿನ ಪೆಟ್ಟಿಗೆಯೊಳಗೆ ತೇವ ಸೇರಿ ಬ್ಯಾರೆಲಿನ ಕೆಳಗೆ ಎರಡು ಕಡೆ ಕೆಂಪು ಚುಕ್ಕೆ ಎದ್ದಿತ್ತು. ಪೆಟ್ಟಿಗೆಯ ಹಿಂಬದಿಗೆ ಗಾಳಿಯಾಡಲು ತೂತು ಮಾಡಿಸಿ, ಸಿಲಿಕಾ ಜೆಲ್ ಪೊಟ್ಟಣ ಇಡಿಸಿದೆ. ಬಿರುಕಿನ ಮೇಲೆ ಉಗುರು ಆಡಿಸಿದೆ, ಕಾಕಾ ಆಡಿಸಿದ ಹಾಗೇ. ಉಗುರು ಎಲ್ಲೂ ತಡೆಯಲಿಲ್ಲ.